ಇಂಡಿ ಊರಿನ ಸ್ವಸ್ಥತಾ ಕೂಟದಿಂದ ಎದ್ದು ಬಂದ ದಿನ

ನನ್ನ ಗಂಡ ಲಗ್ನದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ನಮ್ಮ ಮನೆ ಸಿಂದಗಿಯಲ್ಲಿ; ನಾನು ಜಂಪರು ಹೊಲಿಯುತ್ತೇನೆ. ಲಗ್ನದ ದಿನಗಳು ಬಂದವೆಂದರೆ ಅವರು ಇಂದು ಮುದ್ದೇಬಿಹಾಳ, ನಾಳೆ ಬಸವನ ಬಾಗೇವಾಡಿ, ನಾಡಿದ್ದು ಯಂಕಂಚಿ ಎಂದು ತಿರುಗುತ್ತಿದ್ದರು. ಬಿಡುವಾದಾಗ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ ನಾನೂ ಹೊರಡುತ್ತಿದ್ದೆ. ಊಟಕ್ಕೆ ಬಂದಿದ್ದಾಳೆ ಎಂದು ಬೀಗರು ತಿಳಿಯುತ್ತಿದ್ದರು, ತಿಳಿಯಲಿ. ಊದುವವನ ಕೆನ್ನೆ ಉಬ್ಬುವುದನ್ನು ಎದುರಿಗೇ ನಿಂತು ನೋಡುತ್ತ ಕೇಳಿದ ಹಾಡಿನ ಮುಂದೆ ಮೊಬೈಲಿನ ಹಾಡು ನನಗೆ ಹಳಸಿದ ಅನ್ನ. ಇಂಗಳೇಶ್ವರದ ಒಂದು ಮೆರವಣಿಗೆಯಲ್ಲಿ ಡೋಲಿನ ಚರ್ಮ ಹರಿದು ಬ್ಯಾಂಡಿನವರೆಲ್ಲ ಸುಮ್ಮನಾದರು. ಇವರೊಬ್ಬರೇ ಬೀದಿಯುದ್ದಕ್ಕೂ ಊದಿಕೊಂಡು ನಡೆದರು. ಕುಣಿಯುತ್ತಿದ್ದವರು ಕುಣಿತ ಬಿಟ್ಟು ನಿಂತು ಕೇಳಿದರು. ಆ ಮಧ್ಯಾಹ್ನ ನನಗಿಂತ ಸುಖಿ ಯಾರೂ ಇರಲಿಲ್ಲ.

ಭಾನುವಾರ ಅದೇ ಕ್ಲಾರಿನೆಟ್ ನಮ್ಮ ಕ್ರೈಸ್ತ ಪ್ರಾರ್ಥನಾ ಮಂದಿರದಲ್ಲಿ. ತಗಡಿನ ಚಾವಣಿ, ಮೂವತ್ತು ಜನ, ಒಂದು ಢೋಲಕ್. ಸಭೆಯ ಹಿರಿಯರೊಬ್ಬರು ಸ್ವರ ಎಲ್ಲಿದೆಯೋ ಅಲ್ಲಿಗೆ ಎಂದೂ ಹೋಗದವರು, ಆದರೆ ಎಲ್ಲರಿಗಿಂತ ಜೋರಾಗಿ ಹಾಡುವವರು. ಇವರು ಅವರ ಬೆನ್ನಿಗೇ ಊದುತ್ತ ಹೇಗೋ ಮಾನ ಕಾಯುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಹಾದ ಬಶಿ ಇವರ ಕೈಯಿಂದ ಜಾರಿತು. ನೋಡಿದರೆ ಬಾಯಿ ಸೊಟ್ಟಗಾಗಿದೆ. ವಿಜಯಪುರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆವು. ಜೀವ ಉಳಿಯಿತು. ಬಲಗೈ ಪೂರ್ತಿ ಬರಲಿಲ್ಲ, ತುಟಿಗಳು ಬರಲೇ ಇಲ್ಲ.

ಸಮಾಧಾನ ಹೇಳಲು ಹಿರಿಯರು ಮನೆಗೆ ಬಂದರು. ನಾನು ಮಾಡಿಕೊಟ್ಟ ಉಪ್ಪಿಟ್ಟು ತಿಂದರು. ಕೈ ತೊಳೆದು ಹೇಳಿದರು:

"ನೋಡು ತಂಗಿ, ಕರ್ತ ಕೊಟ್ಟ ಉಸಿರನ್ನ ಮಂದಿ ದೇವರ ಮುಂದ ಊದಿ ಹಾಳ ಮಾಡಿದ. ಅದಕ್ಕ ಹಿಂಗಾತು."

"ನಿಮ್ಮ ಮಗಳ ಲಗ್ನದಾಗ ಇವ್ರು ಮೂರು ತಾಸ ಊದಿದ್ರಲ್ರಿ ಅಣ್ಣಾರ, ಅದು ಯಾರ ಉಸಿರಿತ್ತರಿ?"

ಅವರಿಗೆ ಕೆಮ್ಮು ಬಂತು. ಇಂಥ ಪ್ರಶ್ನೆ ಕೇಳಿದಾಗ ಅವರಿಗೆ ಯಾವಾಗಲೂ ಕೆಮ್ಮು ಬರುತ್ತದೆ. ಆದರೂ ಸೋಲಲಿಲ್ಲ. ಇಂಡಿ ಪಟ್ಟಣದಲ್ಲಿ ರೋಗ ವಾಸಿಮಾಡುವ ದೊಡ್ಡ ಸ್ವಸ್ಥತಾ ಕೂಟವಿದೆ, ಹೆಸರುವಾಸಿ ಪ್ರಸಂಗಿಗಳೊಬ್ಬರು ಬರುತ್ತಾರೆ, ವಾದ್ಯ ತೆಗೆದುಕೊಂಡೇ ಬರಬೇಕು ಎಂದು ಪಟ್ಟು ಹಿಡಿದರು. ನನಗೆ ನಂಬಿಕೆ ಇರಲಿಲ್ಲ. ಆದರೆ ಇವರ ಕಣ್ಣಲ್ಲಿ ಆಸೆ ಕಂಡಿತು. ಹಿರಿಯರ ಜೊತೆ ಬಸ್ಸು ಹತ್ತಿದೆವು.

ಶಾಮಿಯಾನದ ತುಂಬ ಜನ. ಕಷ್ಟ ಹೊತ್ತು ಬಂದವರು, ಅವರನ್ನು ನೋಡಿ ನಾನು ನಗಲಾರೆ. ನಗು ಬಂದದ್ದು ವೇದಿಕೆ ನೋಡಿ. ಕೀಬೋರ್ಡಿನವನು ಹಾಡಿನ ನಡುವೆ ಎರಡೂ ಕೈ ಎತ್ತಿ ಹಲ್ಲೆಲೂಯಾ ಅಂದ. ಸಂಗೀತ ಮಾತ್ರ ನಿಲ್ಲದೆ ಹರಿಯಿತು. ಯಂತ್ರವೇ ನುಡಿಯುತ್ತಿತ್ತು, ಅವನು ಬೆರಳಾಡಿಸುತ್ತಿದ್ದ. ನನ್ನ ಗಂಡ ಮೊಣಕೈಯಿಂದ ನನ್ನನ್ನು ತಿವಿದರು. ಅವರೂ ನೋಡಿದ್ದರು. ಪ್ರಸಂಗಿಗಳು ಬಿಳಿ ಕೋಟು ಹಾಕಿ ಇಂಗ್ಲಿಷಿನಲ್ಲಿ ಗರ್ಜಿಸಿದರೆ ಪಕ್ಕದವನೊಬ್ಬ ಕನ್ನಡಕ್ಕೆ ತಿರುಗಿಸುತ್ತಿದ್ದ. ಆಮೇಲೆ ಯಾರೋ ಚಹಾ ತಂದು ಕೊಡುವಾಗ ಅವರ ಕೈಮೇಲೆ ತುಳುಕಿತು. "ಅಯ್ಯಯ್ಯೋ, ಸುಟ್ಟಿತಲ್ಲೋ ಮಾರಾಯಾ!" ಎಂದರು, ಅಚ್ಚ ಕನ್ನಡದಲ್ಲಿ, ಅದೂ ಮೈಕಿನೊಳಗೆ. ಚಹಾಕ್ಕೆ ದುಭಾಷಿ ಬೇಕಾಗಲಿಲ್ಲ.

ನಮ್ಮ ಸರದಿ ಬಂತು. ಹಿರಿಯರು ಇವರ ಕೈ ಹಿಡಿದು ಮೇಲೆ ಹತ್ತಿಸಿದರು. ಬಿದ್ದಾರೆಂದು ನಾನೂ ಹಿಂದೆಯೇ ಹತ್ತಿದೆ. ಪ್ರಸಂಗಿಗಳು ತಲೆಯ ಮೇಲೆ ಕೈಯಿಟ್ಟು ಕೂಗಿದರು, ಕ್ಲಾರಿನೆಟ್ ಕೊಟ್ಟು ಊದೆಂದರು. ಇವರು ಎಡಗೈಯಲ್ಲಿ ಎತ್ತಿ ತುಟಿಗಿಟ್ಟರು. ಪಕ್ಕದಿಂದ ಗಾಳಿ ಸೋರಿ ಬುಸ್ಸೆಂದಿತು, ಅಷ್ಟೆ. ಗದ್ದದ ಮೇಲೆ ಜೊಲ್ಲು ಇಳಿಯಿತು. ತಕ್ಷಣ ಕೀಬೋರ್ಡಿನ ಸದ್ದು ಏರಿತು, ಚಪ್ಪಾಳೆ ಬಿತ್ತು, ಇವರು ಊದಿದರೆಂದು ಮೈಕು ಸಾರಿತು.

ನಾನು ಕೀಬೋರ್ಡಿನವನ ಕಡೆ ತಿರುಗಿದೆ. "ಆ ಮಷಿನ್ ಬಂದ್ ಮಾಡೋ. ಇವ್ರು ಊದಿಲ್ಲ."

ಮುಂದಿನ ಸಾಲಿನವರಿಗೆ ಕೇಳಿಸಿತು. ಪ್ರಸಂಗಿಗಳು ಮೈಕು ಮುಚ್ಚಿ, ಈಗ ಕನ್ನಡದಲ್ಲೇ, "ನಿನಗೆ ವಿಶ್ವಾಸ ಸಾಲದಮ್ಮ, ಅದಕ್ಕೇ ಆಗಲಿಲ್ಲ" ಎಂದರು. ಅಂದರೆ, ವಾಸಿಯಾದರೆ ಅವರ ಮಹಿಮೆ, ಆಗದಿದ್ದರೆ ನನ್ನ ತಪ್ಪು. ಎಂಥ ಸುಲಭದ ಕೆಲಸ! ಜಂಪರು ಕೆಟ್ಟರೆ ನಾನು ಗಿರಾಕಿಯ ಮೈಯನ್ನು ಬೈಯುವಂತಿಲ್ಲ.

ಜಗಳಕ್ಕೆ ನಾನು ಸಿದ್ಧಳಿದ್ದೆ. ಇವರು ನನ್ನ ಸೆರಗಿನಿಂದ ಬಾಯಿ ಒರೆಸಿಕೊಂಡು, ತೊದಲುತ್ತ, "ನಡಿ, ಮನಿಗೆ ಹೋಗೂಣು. ಶ್ರುತಿನೂ ಸರಿ ಇಲ್ಲ ಇವರದು" ಅಂದರು. ವೇದಿಕೆ ಇಳಿದು ನಾವಿಬ್ಬರೇ ಹೊರಟು ಬಂದೆವು.

ವಾಪಸು ಬರುವಾಗ ಬಸ್ಸಿನಲ್ಲಿ ದೇವರ ಜೊತೆ ಮನಸ್ಸಿನಲ್ಲೇ ಕಾದಾಡಿದೆ. ಹಾಡು ಬಾರದವರ ಗಂಟಲು ಗಟ್ಟಿಯಾಗಿಟ್ಟು ಇವರ ತುಟಿಯನ್ನೇ ಯಾಕೆ ಮುಟ್ಟಿದೆ ಎಂದು ಕೇಳಿದೆ. ಬೈಯುತ್ತಿದ್ದಾಗಲೂ ಕೇಳುವವನೊಬ್ಬ ಇದ್ದಾನೆಂಬ ಬಗ್ಗೆ ನನಗೆ ಅನುಮಾನ ಬರಲಿಲ್ಲ. ಆಸ್ಪತ್ರೆಯ ಹನ್ನೆರಡು ದಿನ ಇವರ ಮಂಚದ ಕಾಲಿಗೆ ಒರಗಿ ಕೂತಿದ್ದಾಗ, ಬಂಧುಗಳು ಬಾಗಿಲಿಗೇ ಬಂದು ಹೋಗುತ್ತಿದ್ದಾಗ, ನನ್ನ ಜೊತೆ ಕೂತಿದ್ದವನು ಅವನೇ. ಆ ಬಿಳಿ ಕೋಟಿನ ಗೊಡವೆ ಅವನಿಗೆ ಇದ್ದಂತೆ ನನಗೆ ಕಾಣಲಿಲ್ಲ.

ಮುಂದಿನ ಭಾನುವಾರ ಎಂದಿನಂತೆ ಹೋಗಿ ಚಾಪೆಯ ಮೇಲೆ ಕೂತೆ. ನಾನು ಸಭೆ ಬಿಡುತ್ತೇನೆಂದು ಹಿರಿಯರು ಎಲ್ಲರಿಗೂ ಹೇಳಿಟ್ಟಿದ್ದರಂತೆ.

"ಮತ್ತ ಬಂದಿ ಏನವಾ?" ಎಂದರು.

"ನಿಮ್ಮ ಮಾರಿ ನೋಡಾಕ ಬಂದಿಲ್ರಿ" ಎಂದೆ. ಕೆಮ್ಮು ಬಂತು.

ಅದೇ ವಾರ ಬ್ಯಾಂಡಿನವರು ಮನೆಗೆ ಬಂದರು. ಅವರಲ್ಲಿ ಒಬ್ಬರೂ ನಮ್ಮ ಸಭೆಯವರಲ್ಲ. ಕಹಳೆ ಊದುವವರು ಮುಸಲ್ಮಾನರು, ಡೋಲಿನವರು ಕುರುಬರು. ಪ್ರಸಂಗ ಮಾಡಲಿಲ್ಲ, ಪಾಪ ಹುಡುಕಲಿಲ್ಲ. "ವೈನಿ, ಅಂಗಳದಾಗ ಪ್ರ್ಯಾಕ್ಟೀಸ್ ಮಾಡ್ತೇವ್ರಿ. ಅಣ್ಣನ ಬಾಯಿ ಹೋಗಿರಬಹುದು, ಕಿವಿ ಐತಲ್ರಿ" ಎಂದರು. ಇವರನ್ನು ಕುರ್ಚಿಯಲ್ಲಿ ಕೂರಿಸಿ ಊದತೊಡಗಿದರು. ಎರಡನೆಯ ಸಾಲಿನಲ್ಲೇ ಇವರ ಎಡಗೈ ಮೇಲೆದ್ದಿತು. "ತಪ್ಪು." ಎಲ್ಲರೂ ನಿಂತರು. ಮತ್ತೆ ಮೊದಲಿನಿಂದ. ನಾಲ್ಕು ಸಲ ತಪ್ಪೆಂದರು, ಐದನೆಯ ಸಲ ಸುಮ್ಮನೆ ಕಣ್ಣು ಮುಚ್ಚಿದರು. ನಾನು ಬಾಗಿಲಲ್ಲೇ ಕೂತೆ. ಹೊಲಿಸಲು ಬಂದ ಗಿರಾಕಿಯನ್ನೂ ಕೂರಿಸಿಕೊಂಡೆ.

ಈಗ ವಾರಕ್ಕೆರಡು ಮಧ್ಯಾಹ್ನ ನಮ್ಮ ಅಂಗಳದಲ್ಲಿ ಬ್ಯಾಂಡು ನುಡಿಯುತ್ತದೆ. ಇವರ ತುಟಿ ಹಾಗೆಯೇ ಇದೆ. ವಾಸಿಯಾಗಲಿ ಎಂದು ನಾನು ದಿನಾ ಪ್ರಾರ್ಥಿಸುತ್ತೇನೆ, ಆಗದಿದ್ದರೆ ಮರುದಿನ ಮತ್ತೆ ಕೇಳುತ್ತೇನೆ. ಕ್ರಿಸ್‌ಮಸ್ಸಿಗೆ ಬ್ಯಾಂಡಿನವರನ್ನು ಮಂದಿರಕ್ಕೆ ಕರೆದಿದ್ದೇನೆ. ಹಿರಿಯರ ಅಪ್ಪಣೆ ಕೇಳಿಲ್ಲ.