ಕಚ್ಚು ಬಿದ್ದ ಗೋಡೆ

ದೇವದುರ್ಗದಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಯಾವ ಗೋಡೆಯ ಮುಂದೆ ನಿಂತರೂ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ನಮ್ಮ ಕಡೆ ತಿರುಗುತ್ತಿದ್ದರು. ದಿನಕ್ಕೆ ಹತ್ತು ಸಲ ಒಂದೇ ಮಾತು: "ನೀರು ಕುಡಿಸ್ರಿ ಸರ್, ಕಾಂಕ್ರೀಟ್ ಮುನಿಸ್ಕೊಂಡ್ರ ಮತ್ತ ಮಾತಾಡಂಗಿಲ್ಲ."

ಪಡಸಾಲೆಯ ಒಂದು ಗೋಡೆಗೆ ಗಿಲಾವು ಬೇಡ, ಬಣ್ಣವೂ ಬೇಡ, ಕಾಂಕ್ರೀಟು ಹಾಗೇ ಕಾಣಲಿ ಎಂದಿದ್ದೆ. "ಅಂಗಿ ಇಲ್ದಂಗ ನಿಲ್ಲಸ್ತೀರೇನ್ರಿ?" ಎಂದು ನಕ್ಕರು. ಆದರೂ ಹಲಗೆ ಬಿಚ್ಚಿದಾಗ ಗೋಡೆ ಕನ್ನಡಿಯಷ್ಟು ನುಣುಪಾಗಿತ್ತು.

ಮರುವಾರ ಹೋದರೆ, ಅದೇ ಗೋಡೆಯ ಮುಂದೆ ಉಳಿ ಹಿಡಿದು ಕೂತಿದ್ದರು. ಗಿಲಾವು ಕಚ್ಚಿಕೊಳ್ಳಲೆಂದು ಕಾಂಕ್ರೀಟಿಗೆ ಕಚ್ಚು ಹೊಡೆಯುವುದು ಆ ಕೈಗೆ ಮೂವತ್ತು ವರ್ಷದ ರೂಢಿ. ಮೂಲೆಯಲ್ಲಿ ಮೊಳದಗಲ ಹೊಡೆದ ಮೇಲೆ ಈ ಗೋಡೆಗೆ ಗಿಲಾವಿಲ್ಲ ಎಂಬುದು ನೆನಪಾಗಿತ್ತು.

"ಏನ್ ಮಾಡಿದ್ರಿ ಇದು?" ನನಗೆ ರೇಗಿತ್ತು.

"ಕೈ ತಾನಾ ಹೋತ್ರಿ ಸರ್, ತಲಿ ಇಲ್ಲಿ ಇರ್ಲಿಲ್ಲ." ಎದ್ದು ಗೋಡೆ ತಟ್ಟಿದರು, ಕಿವಿಗೊಟ್ಟರು. "ಮೂಲ್ಯಾಗಷ್ಟ ಇದ್ರ ತಪ್ಪು ಕಾಣ್ತದ. ಪೂರಾ ಹೊಡದ್ರ? ನಾಕು ದಿನ ಬಿಡ್ರಿ ನನ್ನ."

ನಾಲ್ಕು ದಿನ ಒಬ್ಬರೇ ಹೊಡೆದರು. ಪ್ರತಿ ಕಚ್ಚೂ ಒಂದೇ ಆಳ. ಈಗ ಸಂಜೆಯ ಬಿಸಿಲು ಓರೆಯಾಗಿ ಬಿದ್ದರೆ ಆ ಗೋಡೆ ಜೋಳದ ತೆನೆಯ ಹಾಗೆ ಕಾಳುಕಾಳಾಗಿ ಹೊಳೆಯುತ್ತದೆ.

ಹೋದ ವರ್ಷ ಗೌಂಡಿ ಮಾನ್ವಿಯಲ್ಲಿ ಮನೆ ಕಟ್ಟಿಸುವ ದಂಪತಿಯನ್ನು ಕರೆದುಕೊಂಡು ಬಂದರು. ಗೋಡೆಯನ್ನು ತಟ್ಟಿ, ಕಿವಿಗೊಟ್ಟು, ಅವರ ಕಡೆ ತಿರುಗಿದರು.

"ಇದು ನನ್ನ ತಪ್ಪು ನೋಡ್ರಿ. ನಿಮ್ಮ ಮನಿಗೂ ಮಾಡ್ಲೇನು?"