ಅನಂತಪುರದ ತಟ್ಟೆಗೊಂದು ಕಂಡಿಕೆ

ಮೊನ್ನೆ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಬೀದಿಯ ತುಂಬ ಗಂಜಿಯ ವಾಸನೆ. ಎದುರುಮನೆಯವರು ಬಹಳ ದಿನಗಳ ಮೇಲೆ ಬೀದಿಯುದ್ದಕ್ಕೂ ಹಾಸು ಬಿಗಿದಿದ್ದರು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಹೀಗೆ ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಸವರುತ್ತಾರೆ. ಹಿಂದೂಪುರದ ನಮ್ಮ ಬೀದಿಯಲ್ಲಿ ಈಗ ಅದು ಅಪರೂಪದ ನೋಟ. ಕಡುಗೆಂಪು ರೇಷ್ಮೆ. ಬಿಸಿಲು ಇನ್ನೂ ಏರಿರಲಿಲ್ಲ. ಹಾಸಿನ ಕೆಳಗೆ ಬಗ್ಗಿ ಆಚೆ ದಾಟುವಾಗ ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬಲಗೈ ನೋಯತೊಡಗಿತು. ನಗಬೇಡಿ. ವಾಸನೆಗೆ ಬಾಯಲ್ಲಿ ನೀರೂರುವುದನ್ನು ನೀವು ನಂಬುತ್ತೀರಿ. ಕೈ ನೋಯುವುದನ್ನೂ ಸ್ವಲ್ಪ ನಂಬಿ. ಆ ನೋವಿಗೆ ಕಾರಣ ಒಂದು ತಕ್ಕಡಿ.

ತಕ್ಕಡಿಗೆ ಆಮೇಲೆ ಬರುತ್ತೇನೆ. ಮೊದಲು ಈಗಿನ ಸಂಗತಿ. ನನಗೆ ಅನಂತಪುರದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. ಹೌದು, ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸಿನಲ್ಲಿ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಲೇ ಮುದಿಯಾಗುತ್ತೇನೆಂದು ಒಪ್ಪಿಕೊಂಡು ಕೂತಿದ್ದವಳಿಗೆ, ಸುಮ್ಮನೆ ಹಾಕಿದ ಅರ್ಜಿಯೊಂದು ಹೀಗೆ ಫಲ ಕೊಟ್ಟಿತು. ಶಾಲೆಯವರು ರಜೆ ಕೊಡಲು ಒಪ್ಪಿದ್ದಾರೆ. ಹೋಗುವುದಾದರೆ ಅಲ್ಲೇ ಮನೆ ಮಾಡಬೇಕು. ದಿನವೂ ರೈಲಿನಲ್ಲಿ ಓಡಾಡುವ ಶಕ್ತಿ ನನಗಿಲ್ಲ. ಸಂದರ್ಶನಕ್ಕೆ ಹೋದ ದಿನ ಮರದ ಕೆಳಗೆ ಹುಡುಗ ಹುಡುಗಿಯರ ಒಂದು ಗುಂಪು ಏನನ್ನೋ ವಾದಿಸುತ್ತಿತ್ತು. ಅವರ ಕೈಯಲ್ಲಿದ್ದ ಟೀ ಆರಿ ತಣ್ಣಗಾಗಿತ್ತು, ಯಾರಿಗೂ ಪರಿವೆಯಿಲ್ಲ. ಅವರನ್ನು ದಾಟಿ ಹೋಗುವಾಗ ನನ್ನೊಳಗೆ ಏನೋ ರಾಟೆಯ ಹಾಗೆ ಗಿರ್ರನೆ ತಿರುಗಿತು. ಟೀ ಆರಿಹೋಗುವಂಥ ಮಾತು ನಾನು ಆಡಿ ಎಷ್ಟು ಕಾಲವಾಯಿತು!

ಅಂದಿನಿಂದ ಮನಸ್ಸು ಕುಣಿಯುತ್ತಿದೆ. ಆದರೆ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಅವ್ವ. ಅವ್ವನಿಗೆ ಈ ಬೀದಿ ಅಂಗೈಯಿದ್ದಂತೆ. ಯಾರ ಮನೆಯಲ್ಲಿ ಇವತ್ತು ಏನು ಸಾರು ಎನ್ನುವುದು ಗೊತ್ತು. ಅವಳನ್ನು ಇಲ್ಲಿಂದ ಕಿತ್ತು ಅನಂತಪುರದ ಬಿಸಿಲಿನಲ್ಲಿ ನೆಡುವುದು ಪಾಪವಲ್ಲವೇ? ಹೀಗೆ ನನ್ನ ಬಳಿ ಇದ್ದ ‘ಬೇಡ’ಗಳೆಲ್ಲ ಅವ್ವನ ಹೆಸರಿನಲ್ಲೇ ಇದ್ದವು. ಸೇರುವ ಕೊನೆಯ ದಿನ ಹತ್ತಿರವಾಗುತ್ತಿದ್ದರೂ ಅವಳನ್ನು ಮಾತ್ರ ಕೇಳಿರಲಿಲ್ಲ.

ಈಗ ತಕ್ಕಡಿ. ರೇಷ್ಮೆ ನೇಯುವವರ ಮನೆಗಳಲ್ಲಿ ಒಂದು ಪುಟ್ಟ ತಕ್ಕಡಿ ಇದ್ದೇ ಇರುತ್ತಿತ್ತು. ಸಾಹುಕಾರರು ನೂಲನ್ನು ತೂಕ ಮಾಡಿ ಕೊಡುತ್ತಿದ್ದರು, ನೇಯ್ದ ಸೀರೆಯನ್ನೂ ತೂಕ ಮಾಡಿಯೇ ಒಳಗಿಡುತ್ತಿದ್ದರು. ಮನೆಯಲ್ಲಿ ನಾವೂ ಒಮ್ಮೆ ತೂಗಿ ನೋಡದಿದ್ದರೆ ಸಮಾಧಾನವಿಲ್ಲ. ಕಲ್ಯಾಣದುರ್ಗದ ನಮ್ಮ ಹಳೆಯ ಮನೆಯಲ್ಲಿ ಆ ತಕ್ಕಡಿಗೆ ಇನ್ನೊಂದು ಕೆಲಸವೂ ಇತ್ತು. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ತಿಳಿಯದ ದೊಡ್ಡ ಪ್ರಶ್ನೆ ಬಂದರೆ ಅಜ್ಜಿ, ಅಂದರೆ ಅಪ್ಪನ ತಾಯಿ, ಅದನ್ನು ಗೂಟದಿಂದ ಇಳಿಸುತ್ತಿದ್ದಳು. ಪಕ್ಕದಲ್ಲಿ ಕಂಡಿಕೆಗಳ ಬುಟ್ಟಿ. ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತುವ ಬೆರಳುದ್ದದ ಕೊಳವೆಯೇ ಕಂಡಿಕೆ. ಒಂದು ತಟ್ಟೆ ಹೂಂಗೆ, ಇನ್ನೊಂದು ಊಹೂಂಗೆ. ಒಂದು ಕಾರಣ ಹೇಳು, ಒಂದು ಕಂಡಿಕೆ ಹಾಕು. ಒಬ್ಬರು ಹೇಳಿದ ಕಾರಣವನ್ನು ಇನ್ನೊಬ್ಬರು ಹೇಳುವಂತಿಲ್ಲ. ಹಾಕಿದ್ದನ್ನು ವಾಪಸು ತೆಗೆಯುವಂತಿಲ್ಲ. ಕಂಡಿಕೆ ಬರಿದಾಗಿರಬೇಕು, ನೂಲು ಸುತ್ತಿದ್ದು ಭಾರ, ಅದು ಆಟದಲ್ಲಿ ಮೋಸ. ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಕಟ್ಟಳೆ: ಯಾರ ವಿಷಯವೋ ಅವರೇ ತಕ್ಕಡಿ ಎತ್ತಿ ಹಿಡಿಯಬೇಕು, ಬಾಯಿ ಬಿಡಬಾರದು.

ನನ್ನ ಇಂಟರ್, ಅಂದರೆ ಪಿಯುಸಿ, ಮುಗಿದಿತ್ತು. ನನಗೆ ಬೇಕಾದ ಡಿಗ್ರಿ ಹಿಂದೂಪುರದಲ್ಲಿತ್ತು. ಆಗ ನಮ್ಮ ಪಾಲಿಗೆ ಹಿಂದೂಪುರವೇ ಕಾಲೇಜಿನ ಊರು. ಹೋಗುವ ಬಸ್ಸು ನಡುವೆ ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತಿದ್ದುದರಿಂದ, ಪಕ್ಕದ ಊರಿಗೆ ಹೋಗುವುದೂ ನನಗೆ ದೇಶಾಂತರದಂತೆ ಕಾಣುತ್ತಿತ್ತು. ಅಂದು ಹೊರಗೆ ಹಾಸಿನ ನೂಲಿಗೆ ಗಂಜಿ ಸವರಿದ್ದರು, ಮನೆಯೊಳಗೂ ಅದೇ ವಾಸನೆ. ನಾನು ಮಗ್ಗದ ಪಕ್ಕ ತಕ್ಕಡಿ ಹಿಡಿದು ನಿಂತೆ.

ಅಣ್ಣ ಮೊದಲ ಕಂಡಿಕೆಯನ್ನು ಊಹೂಂ ತಟ್ಟೆಗೆ ಹಾಕಿದ. “ಹಿಂದೂಪುರದಾಗೆ ನೀರೆಲ್ಲ ಉಪ್ಪಂತೆ ಕಣಪ್ಪ.”

“ನಮ್ಮೂರಾಗೆ ಉಪ್ಪಾದ್ರೂ ಬತ್ತದಾ?” ಎಂದು ಅಪ್ಪ ಹೂಂ ತಟ್ಟೆಗೊಂದು ಹಾಕಿದ. ಅದು ಕಾರಣವೇ ಅಲ್ಲವೆಂದು ಅಣ್ಣ ಜಗಳ ತೆಗೆದ. ಅಜ್ಜಿ ಅಪ್ಪನ ಪರವಾಗಿ ತೀರ್ಪು ಕೊಟ್ಟಳು.

“ಇವಳು ಹೋದ್ರೆ ಕಂಡಿಕೆ ಸುತ್ತೋರ್ಯಾರು?” ಅವ್ವನದು ಊಹೂಂ. “ಇವಳು ಹೋದ್ರೆ ಕಿಟಕಿ ಹತ್ರ ನಾನು ಮಲಗಬಹುದು,” ಅಣ್ಣ ಪಕ್ಷ ಬದಲಿಸಿದ. “ಅಲ್ಲಿ ಸಾವ್ಕಾರ್ರ ಪರಿಚಯ ಆಯ್ತದೆ,” ಅಪ್ಪ. “ಹೆಣ್ಣುಡುಗಿ ಒಬ್ಬಳೇ ರೂಮಿನಾಗೆ ಹೆಂಗಿರ್ತಾಳೆ?” ಅವ್ವ. ಆಮೇಲೆ ಯಾರಿಗೂ ಹೊಸ ಕಾರಣ ಹೊಳೆಯಲಿಲ್ಲ. ತಟ್ಟೆಗಳು ಸಮವಾಗಿ ನಿಂತವು. ಸಮವಾದರೆ ಇದ್ದಂತೆಯೇ ಇರುವುದು ಎಂಬ ಮಾತೂ ಇತ್ತು. ನನ್ನ ಕೈ ಸೋತು ನೋಯುತ್ತಿತ್ತು. ಬಾಯಿ ಬಿಡುವಂತಿರಲಿಲ್ಲವಲ್ಲ, ಆ ಮಾತೆಲ್ಲ ಕೈಗೆ ಇಳಿದಿತ್ತೇನೋ.

ಆಗ ಅಜ್ಜಿ ಬುಟ್ಟಿಯಲ್ಲಿ ತಡಕಾಡಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. “ನಾನೂ ಹೋಯ್ತೀನಿ ಇವಳ ಜತೆ. ಒಂದಿಷ್ಟು ಬೇಯಿಸಿ ಹಾಕ್ತೀನಿ,” ಎಂದು ಹೂಂ ತಟ್ಟೆಗೆ ಕೈ ಚಾಚಿದಳು. ತಟ್ಟೆ ಧಡಕ್ಕನೆ ಇಳಿಯಿತು.

“ಅಜ್ಜಿ ಸುತ್ತಿದ್ದನ್ನ ಹಾಕ್ಬುಟ್ಳು!” ಅಣ್ಣ ಕೂಗಿದ.

“ಹೋಗ್ಲಿ ಬಿಡ್ಲಾ,” ಅಪ್ಪನೆಂದ. “ಕಣ್ಣು ಕಾಣಲ್ಲ ಅವ್ವಂಗೆ. ಹಾಕಿದ್ದು ತೆಗಿಯಂಗಿಲ್ಲ.”

ಹೀಗೆ ಒಂದು ಪುಣ್ಯದ ತಪ್ಪಿನಿಂದ ನಾನು ಡಿಗ್ರಿ ಓದಿದೆ. ಇದು ನಾನು ವರ್ಷಾನುಗಟ್ಟಲೆ ಹೇಳಿಕೊಂಡು ಬಂದ ಕಥೆ. ಹೇಳಿ ಹೇಳಿ ನುಣುಪಾಗಿರುವ ಕಥೆಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಆಗ ನಾನು ದಿನಚರಿ ಬರೆಯುತ್ತಿರಲಿಲ್ಲ, ಆ ಚಟ ಅಂಟಿದ್ದು ಕಾಲೇಜಿನಲ್ಲಿ. ಆದ್ದರಿಂದ ಅಪ್ಪ ಹಾಗೆಯೇ ಅಂದನೋ, ಅವನ ಬಾಯಲ್ಲಿ ನಾನೇ ಆಮೇಲೆ ಅನ್ನಿಸಿದೆನೋ ಆಣೆಯಿಟ್ಟು ಹೇಳಲಾರೆ. ಅಣ್ಣನ ನೆನಪಿನಲ್ಲಿ ಕಿಟಕಿಯ ಮಾತೇ ಇಲ್ಲ. ತಂಗಿ ಓದಲಿ ಎಂದು ತಾನು ಅಂದೆನೆಂದು ಅವನ ವಾದ. ಇರಲಿ, ಪಾಪ.

ಮುಂದಿನ ಭಾಗದ ಮೇಲೆ ಮಾತ್ರ ನನಗೆ ಅನುಮಾನವೇ ಇರಲಿಲ್ಲ. ಅಜ್ಜಿ ಆ ವಯಸ್ಸಿನಲ್ಲಿ ಸ್ವಂತ ಮನೆ, ಮಗ, ಊರು ಎಲ್ಲ ಬಿಟ್ಟು ನನಗೋಸ್ಕರ ಹಿಂದೂಪುರದ ಒಂದು ಕೋಣೆಯಲ್ಲಿ ಬಂದು ಕೂತಳು. ಪಾವಗಡ ದಾಟುವಾಗ ಬಸ್ಸಿನ ಕಿಟಕಿಯ ಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಶಾಲೆಯ ಸಮಾರಂಭಗಳಲ್ಲಿ ಇದನ್ನು ಎಷ್ಟು ಸಲ ಹೇಳಿಲ್ಲ! ‘ತ್ಯಾಗ’ ಎಂಬ ಮಾತಿನ ಹತ್ತಿರ ಬಂದಾಗ ನನ್ನ ದನಿ ತಾನಾಗಿ ಗದ್ಗದವಾಗುತ್ತದೆ. ಮುಂದಿನ ಸಾಲಿನ ಮಕ್ಕಳೂ ಒಮ್ಮೊಮ್ಮೆ ಅತ್ತಿದ್ದಾರೆ.

ಹಿಂದೂಪುರದಲ್ಲಿ ಅಜ್ಜಿ ಹೇಗೆ ದಿನ ದೂಡುತ್ತಿದ್ದಳು ಗೊತ್ತೇ? ಸಂಜೆ ರೈಲು ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದಳು. ಆಗ ಕಲ್ಯಾಣದುರ್ಗಕ್ಕೆ ರೈಲಿರಲಿಲ್ಲ. ಬಂದು, “ಇವತ್ತು ಲೇಟು ಕಣಮ್ಮ, ಬರೋರು ಬಂದಿಲ್ಲ,” ಎನ್ನುತ್ತಿದ್ದಳು, ಅವಳ ನೆಂಟರೇ ಇಳಿಯಬೇಕಿತ್ತು ಎನ್ನುವ ಹಾಗೆ. ಲೇಪಾಕ್ಷಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಗೆಳತಿಯರನ್ನು ಹಿಡಿದು ಕೂರಿಸಿ, “ಏಮಮ್ಮಾ, ಪಾಠದಲ್ಲಿ ಏನ್ ಹೇಳಿದ್ರು?” ಎಂದು ಕೇಳುತ್ತಿದ್ದಳು. ಮೆಣಸಿನಕಾಯಿ ಮಂಡಿಯ ಘಾಟಿನಲ್ಲಿ ಸೀನುತ್ತಾ ಯಾರ ಜೊತೆಗೋ ತೆಲುಗಿನಲ್ಲಿ ಪಟ್ಟಾಂಗ ಹೊಡೆಯುತ್ತಿದ್ದಳು. ಪಾಪ, ಹೊತ್ತು ಹೋಗದೆ ಹೀಗೆ ಒದ್ದಾಡುತ್ತಿದ್ದಾಳೆಂದು ನಾನು ಮರುಗುತ್ತಿದ್ದೆ. ಓದು ಒಮ್ಮೊಮ್ಮೆ ಮನುಷ್ಯರನ್ನು ಎಷ್ಟು ದಡ್ಡರನ್ನಾಗಿ ಮಾಡುತ್ತದೆ ನೋಡಿ.

ಡಿಗ್ರಿ ಮುಗಿಸಿ ನಾನು ಇಲ್ಲೇ ಟೀಚರಾಗಿ ಉಳಿದೆ, ಅಪ್ಪ ಹೋದ ಮೇಲೆ ಅವ್ವನೂ ಇಲ್ಲಿಗೆ ಬಂದಳು. ಮಗ್ಗ ಮಾರಿದೆವು. ತಕ್ಕಡಿ ಮತ್ತು ಕಂಡಿಕೆಯ ಬುಟ್ಟಿ ಅಟ್ಟ ಸೇರಿದವು.

ಗಂಜಿಯ ವಾಸನೆ ಹೊಡೆದ ಆ ಬೆಳಿಗ್ಗೆ ಧೈರ್ಯ ಮಾಡಿ ಅವ್ವನ ಮುಂದೆ ಸೀಟಿನ ಸಂಗತಿ ತೆಗೆದೆ. ಸುಮ್ಮನೆ ತೆಗೆಯದೆ, ಸಭೆಯಲ್ಲಿ ಮಾತಾಡುವವಳ ಹಾಗೆ, “ಅಜ್ಜಿ ಮಾಡಿದಂಥ ತ್ಯಾಗಾನ ನಿನ್ನ ಕೈಲಿ ಮಾಡ್ಸಕ್ಕೆ ನಂಗಿಷ್ಟ ಇಲ್ಲ ಅವ್ವ,” ಎಂದೆ.

ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. “ಏನು ಮಾಡಿದ್ಳು ಅಂದೆ?”

“ತ್ಯಾಗ.”

ಅವಳು ನಗತೊಡಗಿದಳು. ಕೆಮ್ಮು ಬರುವ ತನಕ ನಕ್ಕಳು. “ನಮ್ಮತ್ತೇನಾ? ಅಯ್ಯೋ, ನೀನು ತಕ್ಕಡಿ ಹಿಡಿಯೋಕ್ಕೆ ಮುಂಚೇನೇ ಆಯಮ್ಮ ಗಂಟು ಕಟ್ಟಿ ಮಗ್ಗದ ಹಿಂದೆ ಇಟ್ಬುಟ್ಟಿದ್ಳು ಕಣೇ. ಹುಟ್ಟಿದಾಗಿಂದ ಒಂದೇ ಬೀದಿ ನೋಡಿ ನೋಡಿ ಸಾಕಾಗಿತ್ತು ಆಯಮ್ಮಂಗೆ. ರೈಲು ನೋಡ್ಬೇಕು, ರೈಲು ನೋಡ್ಬೇಕು ಅಂತ ನಿಮ್ಮಪ್ಪನ ಪ್ರಾಣ ತಿಂದಿದ್ಳು.”

“ಮತ್ತೆ ಬಸ್ಸಿನಲ್ಲಿ ಅತ್ತದ್ದು?”

“ಪೊರೆ ಬಂದ ಕಣ್ಣು. ಗಾಳಿಗೆ ನೀರು ಸುರೀತಿತ್ತು, ಮನೇಲೂ ಸುರೀತಿತ್ತು.”

ನಾನು ಕೊನೆಯ ಕೋಟೆಗೆ ಓಡಿದೆ. “ಆದ್ರೆ ಆ ಸುತ್ತಿದ ಕಂಡಿಕೆ? ಅದು ಕಣ್ಣು ಕಾಣದೆ ಆದದ್ದು ತಾನೆ?”

ಅವ್ವ ನನ್ನನ್ನು ಕನಿಕರದಿಂದ ನೋಡಿದಳು. “ಕಣ್ಣು ಕಾಣ್ದಿದ್ರೆ ಬೆರಳೂ ಕಾಣಲ್ವಾ? ಜೀವಮಾನ ಎಲ್ಲಾ ಕಂಡಿಕೆ ಸುತ್ತಿದ ಕೈಗೆ ನೂಲಿರೋದು ಯಾವುದು, ಬರೀದು ಯಾವುದು ಅಂತ ಗೊತ್ತಾಗಲ್ಲ ಅಂತೀಯಾ? ನಿಮ್ಮಪ್ಪಂಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಪೋನೀಲೇ, ಹೋಗ್ಲಿ ಅಂತ ಸುಮ್ಕಾದ್ವಿ.”

ಎಷ್ಟೋ ಸಭೆಗಳ ಗದ್ಗದ ಒಂದೇ ಕ್ಷಣಕ್ಕೆ ಆವಿಯಾಯಿತು. ಬೇಸರವಾಗಬೇಕಿತ್ತು. ಆದರೆ ಸ್ಟೇಷನ್ನಿನ ಬೆಂಚಿನ ಮೇಲೆ ಮರುಗುತ್ತಾ ಕೂತಿದ್ದ ನನ್ನ ಅಜ್ಜಿಯ ಜಾಗದಲ್ಲಿ ರೈಲಿಗಾಗಿ ಕತ್ತು ಚಾಚಿಕೊಂಡು ಕೂತ ಇನ್ನೊಬ್ಬಳು ಕಂಡು, ಎದ್ದು ಹೋಗಿ ಅವಳ ಪಕ್ಕ ಕೂರಬೇಕೆನಿಸಿತು. ಇದೂ ಅವ್ವನ ನೆನಪು ಮಾತ್ರ, ಸಾಕ್ಷಿಯಿಲ್ಲ ಎಂದು ನನ್ನ ಅನುಮಾನದ ಬುದ್ಧಿ ಗೊಣಗಿತು. ಗೊಣಗಲಿ.

“ಭಾನುವಾರ ನಿಮ್ಮಣ್ಣನ್ನ ಬರ ಹೇಳು,” ಎಂದಳು ಅವ್ವ. “ತೂಗಿಬಿಡಾಣ.”

ಅಣ್ಣ ಈಗ ಸೋಮಂದೇಪಲ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಭಾನುವಾರ ಬಂದವನೇ ಅಟ್ಟ ಹತ್ತಿ ತಕ್ಕಡಿ, ಬುಟ್ಟಿ ಇಳಿಸಿದ. ಬುಟ್ಟಿಯಲ್ಲಿ ಬರಿಯ ಹಳೆ ಕಂಡಿಕೆಗಳು, ಅವುಗಳ ಮೇಲೆ ಧೂಳು. ಅವ್ವ ಬೆಳಿಗ್ಗೆಯೇ ಎದುರುಮನೆಗೆ ಹೋದವಳು ಇನ್ನೂ ಬಂದಿರಲಿಲ್ಲ. ಆಮೇಲೆ ಬಂದು, ಒಂದು ಕೈ ಸೆರಗಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕೂತಳು. ನಾನು ತಕ್ಕಡಿ ಎತ್ತಿದೆ.

“ಅಲ್ಲಿ ಹುಡುಗ್ರೆಲ್ಲ ಇವಳನ್ನ ಆಂಟಿ ಅಂತಾರೆ,” ಅಣ್ಣ ಊಹೂಂಗೆ ಹಾಕಿದ. “ಇಲ್ಲೂ ಅಂತಾರಲ್ಲಾ,” ಅವ್ವ ಹೂಂಗೆ. “ಅನಂತಪುರದ ಬಿಸ್ಲು.” “ಇದೇನು ಊಟಿನೇನ್ಲಾ?” “ನಿನ್ನ ಡಾಕ್ಟ್ರು ಇಲ್ಲಿರೋದು.” ಅವ್ವ ಬುಟ್ಟಿಗೆ ಕೈ ಹಾಕಿ ಒಂದು ಕಂಡಿಕೆ ಹೆಕ್ಕಿದಳು. “ಅಲ್ಲಿ ಇನ್ನೂ ದೊಡ್ಡ ಡಾಕ್ಟ್ರಿದ್ದಾರೆ,” ಎಂದಳು. ಅಣ್ಣ ಬುಟ್ಟಿ ನೋಡಿದ, ಚಾವಣಿ ನೋಡಿದ. ಕಾರಣ ಮುಗಿದವು. ತಟ್ಟೆಗಳು ಸಮ. ಕೈ ಹಳೆಯ ಜಾಗದಲ್ಲೇ ನೋಯುತ್ತಿತ್ತು. ಬಾಯಿ ಬಿಡಬೇಕೆನಿಸುತ್ತಿತ್ತು: ನನಗೆ ಹೋಗಬೇಕು, ನನಗೆ ಬಹಳ ಹೋಗಬೇಕು.

ಅವ್ವ ಎದ್ದು ಬಂದಳು, ಮುಷ್ಟಿ ಮುಚ್ಚಿಕೊಂಡು. “ಈ ಬೀದಿಯೋರ ಕತೆ ಎಲ್ಲಾ ಕೇಳಿ ಮುಗೀತು. ನಂಗೆ ಹೊಸಬ್ರು ಬೇಕು,” ಎಂದು ಹೂಂ ತಟ್ಟೆಯ ಮೇಲೆ ಕೈ ಬಿಚ್ಚಿದಳು. ತಟ್ಟೆ ಧಡಕ್ಕನೆ ಇಳಿಯಿತು. ಅದರ ಅಂಚಿನಿಂದ ಒಂದು ಕಡುಗೆಂಪು ಎಳೆ ಜೋತಾಡುತ್ತಿತ್ತು.

ಅಣ್ಣ ಎಳೆಯನ್ನು ನೋಡಿದ, ನನ್ನನ್ನು ನೋಡಿದ. “ಹೋಗ್ಲಿ ಬಿಡಮ್ಮ ಟೀಚರಮ್ಮ,” ಎಂದ, ಥೇಟು ಅಪ್ಪನ ದನಿಯಲ್ಲಿ. “ಕಣ್ಣು ಕಾಣಲ್ಲ ಅವ್ವಂಗೆ.”

ಅವ್ವನ ಪೊರೆ ಹೋದ ವರ್ಷವೇ ತೆಗೆಸಿದ್ದೇವೆ. ಸೂಜಿಗೆ ದಾರ ಅವಳೇ ಪೋಣಿಸುತ್ತಾಳೆ.

ಅನಂತಪುರದಲ್ಲಿ ಮನೆ ಹುಡುಕುತ್ತಿದ್ದೇನೆ. ಅವ್ವನಿಗೆ ಮಹಡಿ ಬೇಡವಂತೆ, ಮನೆ ನೆಲಮಟ್ಟದಲ್ಲೇ ಇರಬೇಕಂತೆ, ಬೀದಿಗೆ ಕಿಟಕಿ ಇರಲೇಬೇಕಂತೆ, ಸ್ಟೇಷನ್ನು ನಡೆಯುವಷ್ಟು ದೂರವಿದ್ದರೆ ಉತ್ತಮವಂತೆ. ಇದನ್ನೆಲ್ಲ ಈ ಸಲ ನುಣುಪಾಗುವ ಮೊದಲೇ ಬರೆದಿಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಹಾಲಿಗೆ ಹೊರಟಾಗ ಎದುರುಮನೆಯಾಕೆ ಬಾಗಿಲಲ್ಲಿ ಕಂಡಿಕೆ ಸುತ್ತುತ್ತಿದ್ದಳು.

“ಏನಮ್ಮಾ,” ಎಂದಳು, “ನಿಮ್ಮವ್ವ ಭಾನುವಾರ ಒಂದು ಸುತ್ತಿದ ಕಂಡಿಕೆ ಇಸ್ಕಂಡೋದ್ಳು. ಕೆಲಸ ಆಯ್ತಂತಾ?”

“ಆಯ್ತು ಕಣಕ್ಕ,” ಎಂದೆ. “ಮಧ್ಯಾಹ್ನ ತಂದ್ಕೊಡ್ತೀನಿ.”