ಟಿನ್‌ಪಿಶಿಯ ಹದಿನೆಂಟನೆಯ ವರ್ಷ

ವಸಂತಕ್ಕನ ಎತ್ತರ ನಾಲ್ಕು ಅಡಿ ಏಳು ಅಂಗುಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಕೆಗೆ ಬಂದದ್ದು ಹೋದದ್ದು ಎಲ್ಲಕ್ಕೂ ಈ ಎತ್ತರವೇ ಕಾರಣ. ನವಲಗುಂದದಲ್ಲಿ ಆರು ಮನೆಯ ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ತಿಂದು, ಹುಡುಗಿ ಗಿಡ್ಡ ಎಂದು ಎದ್ದುಹೋಗಿದ್ದರಂತೆ. ಏಳನೆಯವರಾಗಿ ಬಂದ ಜಯತೀರ್ಥರು ಹೌರಾದಲ್ಲಿ ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದರು. ಅವರು ಎತ್ತರದ ಮಾತೇ ಎತ್ತಲಿಲ್ಲ, 'ಕಲ್ಕತ್ತೆಗೆ ಬರಲಿಕ್ಕೆ ಮನಸ್ಸೈತೇನು?' ಎಂದಷ್ಟೇ ಕೇಳಿದರು. ಆ ಒಂದು ಪ್ರಶ್ನೆಗೆ ವಸಂತಕ್ಕ ಮೂವತ್ತು ವರ್ಷ ಅವರನ್ನು ನಂಬಿದರು.

ನಾನು ಮೈಸೂರಿನವಳು. ಜಾದವಪುರ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ, ಲೇಕ್ ಗಾರ್ಡನ್ಸ್‌ನಲ್ಲಿ ಅವರ ಮನೆಯ ಕೆಳಗಿನ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನನಗಿಂತ ಮುಂಚೆ ಇದೇ ಮನೆಯಲ್ಲಿ ಟೀವಿ ಧಾರಾವಾಹಿಗಳಿಗೆ ಮೇಕಪ್ ಮಾಡುವ ಹೆಂಗಸೊಬ್ಬಳಿದ್ದಳಂತೆ. ೨೦೦೬ರಲ್ಲಿ 'ಆಕಾಶ್‌ಘಾಟ್' ಎಂಬ ವೈಜ್ಞಾನಿಕ ಕಥೆಯ ಸರಣಿ ಶುರುವಾಯಿತು. ಹೂಗ್ಲಿಯ ದಂಡೆಯಲ್ಲಿ ಲಾಂಚು ನಿಲ್ಲುವ ಘಾಟುಗಳಿವೆಯಲ್ಲ, ಹಾಗೆಯೇ ಆಕಾಶದಲ್ಲೊಂದು ಘಾಟು. ಬೇರೆ ಬೇರೆ ಗ್ರಹಗಳ ಪ್ರಯಾಣಿಕರು ಅಲ್ಲಿ ದೋಣಿ ಬದಲಿಸುತ್ತಾರೆ. ಟಿಕೆಟ್ ಕಿಟಕಿಯಲ್ಲಿ ತಗಡಿನ ಅತ್ತೆಯೊಬ್ಬಳು, ಟಿನ್‌ಪಿಶಿ. ಬಂಗಾಳಿಯಲ್ಲಿ ಪಿಶಿ ಎಂದರೆ ಸೋದರತ್ತೆ. ಬಾಹ್ಯಾಕಾಶದ ಕಳ್ಳರನ್ನೂ ಕಿವಿ ಹಿಂಡಿ ಸಾಲಿನಲ್ಲಿ ನಿಲ್ಲಿಸುವವಳು.

ಈ ಟಿನ್‌ಪಿಶಿಯ ಉಡುಪನ್ನು ಹೌರಾದಲ್ಲಿ ಮಾಡಿಸುವಾಗ ಅಳತೆ ತಪ್ಪಿತು. ಗೊತ್ತುಮಾಡಿದ ನಟಿಗೆ ಭುಜದ ಹತ್ತಿರವೇ ಸಿಕ್ಕಿಕೊಂಡಿತು. ಇನ್ನೊಂದು ಮಾಡಿಸಲು ಸಮಯವಿರಲಿಲ್ಲ. ಮೇಕಪ್ಪಿನವಳಿಗೆ ಮೇಲಿನ ಮನೆಯ ಬೌದಿ, ಅಂದರೆ ಅತ್ತಿಗೆ, ನೆನಪಾದಳು. ವಸಂತಕ್ಕ ಹೋಗಿ ಒಳಗೆ ಇಳಿದರೆ, ಅವರಿಗೇ ಹೊಲಿದ ಹಾಗೆ ಕೂತಿತು. 'ಜೀವನದಾಗ ಮೊದಲನೇ ಸಲ ಒಂದು ವಸ್ತು ನನ್ನ ಅಳತಿಗೆ ಸರಿ ಬಂತು ನೋಡವಾ' ಎಂದು ನನಗೆ ಹೇಳುತ್ತಿದ್ದರು.

ಹನ್ನೊಂದು ಕಿಲೋ ಭಾರ. ಕಣ್ಣಿಗೆ ಎರಡು ಸೀಳು. ಮೇ ತಿಂಗಳಲ್ಲಿ ಒಳಗೆ ಬೆವರು ಮೊಣಕಾಲಿನವರೆಗೆ ಇಳಿಯುತ್ತಿತ್ತು. ಧ್ವನಿ ಇನ್ನೊಬ್ಬ ರಂಗನಟಿಯದು, ಯಾಕೆಂದರೆ ವಸಂತಕ್ಕನ ಬಂಗಾಳಿಯಲ್ಲಿ ಧಾರವಾಡ ಕೇಳುತ್ತಿತ್ತು. ಆದರೆ ನಡಿಗೆ ಇವರದು. ಜಗಳಕ್ಕೆ ಮೊದಲು ಟಿನ್‌ಪಿಶಿ ಇಲ್ಲದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸುತ್ತಾಳಲ್ಲ, ಅದೂ ಇವರದೇ. ಚಿತ್ರೀಕರಣದ ಮೊದಲ ದಿನ ಅಭ್ಯಾಸಬಲದಿಂದ ಕೈ ಹಾಗೆ ಹೋಯಿತು. ನಿರ್ದೇಶಕ ಮಿಹಿರ್ ಕೂಗಿ ನಕ್ಕ, 'ಇದೇ, ಇದೇ ಬೇಕು!' ಎಂದ. ಆಮೇಲೆ ಊರಿನ ಮಕ್ಕಳೆಲ್ಲ ಇಲ್ಲದ ಸೆರಗು ಸಿಕ್ಕಿಸಿಕೊಂಡೇ ಜಗಳಕ್ಕೆ ಇಳಿದರು. ಒಂದು ವರ್ಷ ದುರ್ಗಾಪೂಜೆಯ ಪೆಂಡಾಲಿನಲ್ಲಿ ಹತ್ತಡಿಯ ಟಿನ್‌ಪಿಶಿ ನಿಲ್ಲಿಸಿದ್ದರು. ವಸಂತಕ್ಕ ಮಗಳು ಅಕ್ಷರಾಳ ಕೈಹಿಡಿದು ಎರಡು ಗಂಟೆ ಸರದಿಯಲ್ಲಿ ನಿಂತು ನೋಡಿ ಬಂದರು. ಯಾರಿಗೂ ಹೇಳುವಂತಿರಲಿಲ್ಲ. ಒಳಗೆ ಯಾರಿದ್ದಾರೆಂದು ಹೊರಗೆ ಬಿಡಬಾರದೆಂದು ಮೊದಲ ವರ್ಷವೇ ಸಹಿ ಮಾಡಿಸಿಕೊಂಡಿದ್ದರು. ನನಗೇ ಗೊತ್ತಾದದ್ದು, ಅವರು ಕರೆದಾಗ ಮೇಲೆ ಹೋಗಿ ಅವರ ಬೆನ್ನಿಗೆ ನೋವಿನ ಮುಲಾಮು ತಿಕ್ಕಲು ಶುರುಮಾಡಿದ ಮೇಲೆ.

೨೦೨೩ರ ಜನವರಿಯಲ್ಲಿ ಮಿಹಿರ್ ಮನೆಗೆ ಬಂದ. ಸರಣಿಗೆ ಹದಿನೆಂಟನೆಯ ವರ್ಷ. ಅವನು ವಸಂತಕ್ಕನನ್ನು ದಿದಿ ಎನ್ನುತ್ತಿದ್ದ.

'ಸಾಕು ದಿದಿ,' ಎಂದ. 'ಇಷ್ಟು ವರ್ಷ ನಿನ್ನನ್ನು ಡಬ್ಬಿಯಲ್ಲಿ ಇಟ್ಟೆ. ಈ ಪೂಜೆಗೆ ಮೊದಲು ಟಿನ್‌ಪಿಶಿ ಮುಖದ ತಗಡು ತೆಗೆಯುತ್ತಾಳೆ. ಒಳಗೆ ಮನುಷ್ಯಳಿದ್ದಾಳೆ ಅಂತ ಎಲ್ಲರಿಗೂ ಗೊತ್ತಾಗಲಿ. ಅದು ನೀನೇ.'

'ನನ್ನ ಮುಖಾನಾ?'

'ಮತ್ತೆ ಯಾರದು?'

ತಗಡು ತೆಗೆದ ಮೇಲೆ ಹೇಳಬೇಕಾದ ಮಾತು ಒಂದೇ ಒಂದು. ಮುಳುಗಿಹೋದ ಗ್ರಹದಿಂದ ಬಂದ ಪುಟ್ಟ ಹುಡುಗಿಯೊಬ್ಬಳು ಅಳುತ್ತಿರುತ್ತಾಳೆ. 'ಭೊಯ್ ಪಾಶ್ ನೇ, ಆಮಿ ತೋ ಆಛಿ.' ಹೆದರಬೇಡ, ನಾನಿದ್ದೀನಲ್ಲ, ಅಷ್ಟೆ. ಇದನ್ನು ವಸಂತಕ್ಕ ಎಷ್ಟು ತಿಂಗಳು ಅಭ್ಯಾಸ ಮಾಡಿದರೆಂದರೆ, ಮೇಲಿನ ಮನೆಯ ನಲ್ಲಿ ಬಿಟ್ಟಾಗೆಲ್ಲ ನೀರಿನ ಜೊತೆ ಅದೂ ಕೇಳುತ್ತಿತ್ತು. ಮೀನಿನವಳ ಮುಂದೆ ಹೇಳಿ ಉಚ್ಚಾರ ಸರಿಯಾಯಿತೇ ಎಂದು ಕೇಳಿದರು. ಅವಳು, 'ನಾನ್ಯಾಕೆ ಹೆದರಲಿ ಬೌದಿ?' ಎಂದಳಂತೆ.

ಆಗಸ್ಟಿನಲ್ಲಿ ಆ ದೃಶ್ಯ ತೆಗೆದರು. ಒಂದೇ ಸಲಕ್ಕೆ ಆಯಿತು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಒರೆಸಬೇಡಿ ಎಂದು ಮಿಹಿರನೇ ಹೇಳಿದ. ಮಾತು ಮುಗಿದ ಮೇಲೆ ದೀಪ ಹಿಡಿಯುವವರಿಂದ ಹಿಡಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಮನೆಗೆ ಬಂದು ಸ್ನಾನವನ್ನೂ ಮಾಡದೆ ಕೂತು ನನಗೆ ಎಲ್ಲವನ್ನೂ ಹೇಳಿದರು.

ಸೆಪ್ಟೆಂಬರಿನಲ್ಲಿ ಮಿಹಿರ್ ಇನ್ನೊಂದು ಕೆಲಸ ಹೇಳಿದ. ವಸಂತಕ್ಕನಿಗೆ ಬೆನ್ನುನೋವು, ಓಡುವ ದೃಶ್ಯಗಳಿಗೆ ಪ್ರಕೃತಿ ಎಂಬ ಹುಡುಗಿಯನ್ನು ತೆಗೆದುಕೊಂಡಿದ್ದೇವೆ, ಅವಳಿಗೆ ನಡಿಗೆ ಕಲಿಸಿಕೊಡು ಎಂದ. ಅವಳಿಗೆ ಇಪ್ಪತ್ತನಾಲ್ಕು ವರ್ಷ, ಒಂದೆರಡು ಧಾರಾವಾಹಿಗಳಲ್ಲಿ ಮುಖ ತೋರಿಸಿದ್ದಳು. ಅವಳ ಅಳತೆಗೆ ಹೊಸ ಉಡುಪೇ ಬಂದಿತ್ತು. ವಸಂತಕ್ಕ ಹನ್ನೊಂದು ದಿನ ಟಾಲಿಗಂಜ್ ಸ್ಟುಡಿಯೋಕ್ಕೆ ಹೋಗಿ ಕಲಿಸಿದರು. ಹಿಮ್ಮಡಿ ಮೊದಲು ಊರಬೇಕು, ತಿರುಗುವಾಗ ತಲೆ ಆಮೇಲೆ ಬರಬೇಕು. 'ಛಲೋ ಹುಡುಗಿ, ಲಗೂ ಕಲೀತಾಳ' ಎಂದು ಮೆಚ್ಚಿಕೊಂಡರು.

ಅಕ್ಟೋಬರ್ ಎಂಟು, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಪ್ರಸಾರ. ಇನ್ನು ಗುಟ್ಟು ಯಾಕೆಂದು ವಸಂತಕ್ಕ ಗೊತ್ತಿದ್ದ ಕನ್ನಡದವರನ್ನೆಲ್ಲ ಕರೆದಿದ್ದರು. ಹದಿನಾಲ್ಕು ಜನ ಸೇರಿದೆವು. ಮುಡಿ ಎನ್ನುವ ಇಲ್ಲಿಯ ಮಂಡಕ್ಕಿಯಲ್ಲೇ ಗಿರಮಿಟ್ ಕಲಸಿದ್ದರು, ಜೊತೆಗೆ ಮಿರ್ಚಿ. ಜಯತೀರ್ಥರು ಓಣಿಯ ಕ್ಲಬ್ಬಿನಿಂದ ಎಂಟು ಕುರ್ಚಿ ತಂದು ಸಾಲಾಗಿ ಹಾಕಿದ್ದರು. ಅಕ್ಷರಾ ಇಬ್ಬರು ಗೆಳತಿಯರನ್ನು ಕರೆತಂದಿದ್ದಳು. ವಸಂತಕ್ಕ ಕಡುನೀಲಿ ಇಳಕಲ್ ಸೀರೆ ಉಟ್ಟು, ಕುರ್ಚಿ ಬೇಡವೆಂದು ಟೀವಿಯ ಮುಂದೆ ನೆಲದ ಮೇಲೆ ಕೂತರು.

ಹುಡುಗಿ ಅಳತೊಡಗಿದಳು. ಟಿನ್‌ಪಿಶಿ ಅವಳ ಮುಂದೆ ಮಂಡಿಯೂರಿದಳು. ಅಷ್ಟರಲ್ಲಿ ಜಯತೀರ್ಥರು ಎದ್ದರು. 'ಎಲ್ಲಾರಿಗೂ ಚಹಾ ಮಾಡ್ತೀನಿ' ಎಂದು ಅಡುಗೆಮನೆಗೆ ಹೋದರು. ವಸಂತಕ್ಕ ಒಂದು ಗಳಿಗೆ ಟೀವಿಯಿಂದ ಕಣ್ಣು ತೆಗೆದು ಅವರ ಬೆನ್ನು ನೋಡಿದ್ದನ್ನು ನಾನು ಕಂಡೆ.

ತಗಡು ತೆರೆಯಿತು. ಒಳಗಿದ್ದದ್ದು ಪ್ರಕೃತಿಯ ಮುಖ.

ಹಣೆಗೆ ಅಂಟಿದ ಕೂದಲು ಹಾಗೇ ಇತ್ತು. ಕಣ್ಣು ತುಂಬಿ ಬಂದಿತ್ತು, ಚೆಂದವಾಗಿಯೇ ಇದ್ದಳು. 'ಭೊಯ್ ಪಾಶ್ ನೇ,' ಎಂದಳು. ಉಚ್ಚಾರದಲ್ಲಿ ಏನೂ ತಪ್ಪಿರಲಿಲ್ಲ.

'ಅಮ್ಮಾ, ಹೂ ಈಸ್ ದಿಸ್?' ಎಂದಳು ಅಕ್ಷರಾ.

ಭೂವಿಜ್ಞಾನ ಇಲಾಖೆಯಿಂದ ನಿವೃತ್ತರಾದ ಬಾಲಕೃಷ್ಣರು ಕನ್ನಡಕ ಸರಿಮಾಡಿಕೊಂಡು, 'ಏನು ಮೇಕಪ್ಪು ರೀ! ನಮ್ಮ ವಸಂತಾ ಅಂತ ಗುರುತೇ ಹತ್ತೋದಿಲ್ಲ' ಎಂದು ಮನಸಾರೆ ಹೊಗಳಿದರು. ಅವರ ಹೆಂಡತಿ ಅವರ ತೊಡೆ ಚಿವುಟಿದರು. ವಸಂತಕ್ಕ ಹಿಂದಕ್ಕೆ ತಿರುಗಿ, 'ಮಿರ್ಚಿ ಆರಿ ಹೋಗ್ತಾವ್ರಿ, ತಗೋರಿ' ಎಂದರು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಸುರಿದ ವಾಸನೆ ಬಂತು. ಜಯತೀರ್ಥರು ಆ ಮನೆಯಲ್ಲಿ ಎಂದೂ ಚಹಾ ಮಾಡಿದವರಲ್ಲ.

ಜನ ಬೇಗ ಬೇಗ ಎದ್ದರು. ಅಕ್ಷರಾ ಗೆಳತಿಯರನ್ನು ಸ್ಟೇಷನ್ನಿಗೆ ಬಿಡಲು ಹೋದಳು. ನಾನು ತಟ್ಟೆ ತೊಳೆಯಲು ಉಳಿದೆ. ನಾನಿದ್ದೇನೆಂಬುದನ್ನು ಅವರಿಬ್ಬರೂ ಮರೆತರೋ, ಲೆಕ್ಕಿಸಲಿಲ್ಲವೋ.

'ನಿಮಗ ಗೊತ್ತಿತ್ತೇನ್ರಿ?' ಎಂದರು ವಸಂತಕ್ಕ.

'ಹೂಂ.'

'ಯಾವಾಗಿಂದ?'

'ಮೂರು ವಾರ ಆತು. ಮಿಹಿರ್ ಆಫೀಸಿಗೆ ಬಂದಿದ್ದ. ನಾ ಹೆಂಗ ಹೇಳಲಿ, ನೀವೇ ಸಮಾಧಾನ ಮಾಡಿ ಹೇಳ್ರಿ ಅಂದ.'

'ಮತ್ತ ಯಾಕ ಹೇಳಲಿಲ್ಲ?'

'ದಿನಾ ಹೇಳಬೇಕಂತಿದ್ದೆ. ನೀ ನೋಡಿದರ ಶೂಟಿಂಗ್ ಮುಗಿದ ಮ್ಯಾಲೂ ಕನ್ನಡಿ ಮುಂದ ನಿಂತು ಆ ಮಾತು ಅಂತಿದ್ದಿ. ಬಾಯೇ ಬರಲಿಲ್ಲ ವಸಂತಾ. ನೀ ಖುಷಿ ಇದ್ದಿ.'

ವಸಂತಕ್ಕ ಆ ಸಾಲು ಕುರ್ಚಿಗಳ ಕಡೆ ತಿರುಗಿದರು.

'ಕುರ್ಚಿ ತಂದ್ರಲ್ರಿ ನೀವು,' ಎಂದರು. 'ಮೂರು ಮಾಳಿಗಿ ಹತ್ತಿ ಎಂಟು ಕುರ್ಚಿ ಹೊತ್ತು ತಂದ್ರಿ. ಎಷ್ಟು ಮಂದಿ ಬರ್ತಾರ, ಸಾಕಾಗ್ತಾವೋ ಇಲ್ಲೋ ಅಂತ ನನ್ನೇ ಕೇಳಿದ್ರಿ.'

ಜಯತೀರ್ಥರು ಒಂದೊಂದಾಗಿ ಕುರ್ಚಿ ಮಡಚಿ ಕೆಳಗೆ ಒಯ್ಯತೊಡಗಿದರು.

ಮಂಗಳವಾರ ವಸಂತಕ್ಕ ಒಬ್ಬರೇ ಸ್ಟುಡಿಯೋಕ್ಕೆ ಹೋದರು. ಮಿಹಿರ್ ಎದ್ದು ನಿಂತು ಕೈಹಿಡಿದುಕೊಂಡನಂತೆ. ಚಾನೆಲ್‌ನವರು ದೃಶ್ಯವನ್ನು ಮೊದಲೇ ಒಂದಷ್ಟು ಜನಕ್ಕೆ ತೋರಿಸಿದ್ದರು. ಮುಂದಿನ ವರ್ಷದಿಂದ ಟಿನ್‌ಪಿಶಿ ಮುಖ ತೆರೆದೇ ಇರುತ್ತಾಳೆ, ಅದಕ್ಕೆ ಎಳೆಯ ಮುಖ ಬೇಕು, ಜಾಹೀರಾತಿಗೂ ಆಗಬೇಕು ಎಂದು ಪ್ರಕೃತಿಯಿಂದ ಅದನ್ನೇ ಮತ್ತೆ ತೆಗೆಸಿದರು. ನಾನು ಬಹಳ ಹೋರಾಡಿದೆ ದಿದಿ, ಎಂದ.

'ಎಷ್ಟು ದಿನ ಹೋರಾಡಿದೆ?' ಎಂದು ವಸಂತಕ್ಕ ಕೇಳಿದರು.

ಅವನು ಚಹಾ ತರಲು ಹುಡುಗನನ್ನು ಕೂಗಿದ.

'ನಾನು ಆ ಹುಡುಗಿಗೆ ನಡಿಗೆ ಕಲಿಸುವಾಗ ನಿನಗೆ ಗೊತ್ತಿತ್ತಾ?'

'ಗೊತ್ತಿತ್ತು.'

'ಬಾಗಿಲಲ್ಲಿ ನಿಂತು ನೋಡುತ್ತಿದ್ದೆಯಲ್ಲ.'

'ನೀನಲ್ಲದೆ ಇನ್ಯಾರು ಕಲಿಸಬಲ್ಲರು ದಿದಿ?' ಎಂದ ಮಿಹಿರ್. ಅದನ್ನವನು ಹೊಗಳಿಕೆಯೆಂದೇ ಹೇಳಿದ್ದು. ದೂರದಿಂದ ತೆಗೆಯುವ ದೃಶ್ಯಗಳಿಗೆ ನೀನೇ ಮುಂದುವರಿಯಬೇಕು ಎಂದೂ ಸೇರಿಸಿದ. ತನ್ನ ಮುಖವಿದ್ದ ತುಣುಕನ್ನಾದರೂ ಕೊಡು ಎಂದು ಇವರು ಕೇಳಿದರು. ಹುಡುಕಿಸಿ ಕಳಿಸುತ್ತೇನೆ ಎಂದ. ಇವತ್ತಿನವರೆಗೂ ಬಂದಿಲ್ಲ.

ಪ್ರಕೃತಿ ಫೋನು ಮಾಡಿದ್ದು ಪೂಜೆ ಮುಗಿದ ಮೇಲೆ. ವಸಂತಕ್ಕ ತಾವಾಗಿಯೇ ಬೇಡವೆಂದರು ಎಂದು ಸ್ಟುಡಿಯೋದವರು ಅವಳಿಗೆ ಹೇಳಿದ್ದರಂತೆ. ಸತ್ಯ ತಿಳಿದು ಅಳುತ್ತಿದ್ದಳು. ವಸಂತಕ್ಕ ಪೂರ್ತಿ ಕೇಳಿಸಿಕೊಂಡು, 'ಸೆರಗು ಸಿಕ್ಕಿಸುವಾಗ ಎಡಗೈ ಎತ್ತುತ್ತೀಯ. ಬಲಗೈ. ನೋಡಿಕೋ' ಎಂದು ಫೋನು ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, 'ಅಕಿದೇನು ತಪ್ಪು?' ಎಂದರು.

ನವೆಂಬರಿನಲ್ಲಿ ಭಾಯಿ ಫೋಂಟಾ ಬಂತು. ಆ ದಿನ ಇಲ್ಲಿಯ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಹಣೆಗೆ ಗಂಧದ ಬೊಟ್ಟಿಟ್ಟು ಆಯುಷ್ಯ ಕೋರುತ್ತಾರೆ. ಬೆನ್ನಿಗೆ ಬಿದ್ದ ತಮ್ಮನಿಲ್ಲದ ವಸಂತಕ್ಕ ಮಿಹಿರನಿಗೆ ವರ್ಷ ವರ್ಷವೂ ಇಡುತ್ತಿದ್ದರು. ಅವನು ಈ ಸಲವೂ ಮಿಠಾಯಿ ಹಿಡಿದು ಬಂದ. ವಸಂತಕ್ಕ ಬಾಗಿಲು ತೆಗೆದರು, ಎಲೆ ಹಾಕಿದರು, ಬಿಸಿ ಪೂರಿ ಬಡಿಸಿದರು. ಊಟವಾದ ಮೇಲೆ ಅವನು ಚಾಪೆಯ ಮೇಲೆ ಹಣೆಯೊಡ್ಡಿ ಕೂತ. ಇವರು ಎಲೆ ಎತ್ತಿಕೊಂಡು ಒಳಗೆ ಹೋದರು, ಹೊರಗೆ ಬರಲಿಲ್ಲ. ಕಾಲು ಗಂಟೆ ಕೂತು ಅವನೇ ಎದ್ದುಹೋದ. ಮೆಟ್ಟಿಲಿಳಿಯುವಾಗ ನನ್ನನ್ನು ಕಂಡು ನಗಲು ನೋಡಿದ. ದೂರದ ದೃಶ್ಯಗಳಿಗೆಂದು ಅವರ ಕಚೇರಿಯಿಂದ ಮೂರು ಸಲ ಫೋನು ಬಂತು. ವಸಂತಕ್ಕ ಹೋಗಲಿಲ್ಲ.

ಡಿಸೆಂಬರಿನಲ್ಲಿ ಢಾಕುರಿಯಾದ ಸಣ್ಣ ನಾಟಕ ತಂಡದವರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಹಳೆಯ ಮೇಕಪ್ಪಿನ ಹೆಂಗಸು ಹೇಳಿ ಕಳಿಸಿದ್ದಳು. ಬೇರೆ ರಾಜ್ಯದಿಂದ ಬಂದ ಅಡುಗೆಯವಳ ಪಾತ್ರ, ಮಾತು ಹೆಚ್ಚಿಲ್ಲ, ಭಾಷೆ ಒಡ್ಡೊಡ್ಡಾಗಿದ್ದರೇ ಒಳ್ಳೆಯದು ಎಂದರು. ವಸಂತಕ್ಕ, 'ನನ್ನ ಮುಖ ಕಾಣ್ತದಾ?' ಎಂದು ಕೇಳಿದರು. ಆತನಿಗೆ ಪ್ರಶ್ನೆಯೇ ತಿಳಿಯಲಿಲ್ಲ. 'ಅದನ್ನ ಒಂದು ಕಾಗದದ ಮ್ಯಾಲೆ ಬರದು ಕೊಡ್ರಿ' ಎಂದು ಬರೆಸಿಕೊಂಡರು.

ದಿನಾ ತಾಲೀಮು ನಡೆದು ಆರು ಪ್ರದರ್ಶನಗಳಾದವು, ಎಲ್ಲ ಸಂಜೆಯ ಹೊತ್ತು. ಐವತ್ತು ಅರವತ್ತು ಜನರ ಮುಂದೆ. ನಾನು ಎರಡು ಸಲ ಹೋಗಿದ್ದೆ. ಮೊದಲ ದಿನ ಅವರು ಹಿಡಿದ ತಟ್ಟೆಯಲ್ಲಿನ ಲೋಟಗಳು ಗಲಗಲ ಸದ್ದು ಮಾಡಿ ಜನ ನಕ್ಕರು. ಎರಡನೆಯ ಸಲ ಸದ್ದಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಜಯತೀರ್ಥರು ಮೆಟ್ಟಿಲಲ್ಲಿ ಸಿಕ್ಕರು. ಕೈಯಲ್ಲಿ ತರಕಾರಿ ಚೀಲ. 'ವಸಂತಾ ದಿನಾ ಎಲ್ಲಿಗೆ ಹೋಗ್ತಾಳಂತ ನಿಮಗ ಏನರ ಗೊತ್ತೇನ್ರಿ?' ಎಂದು ತಗ್ಗಿದ ಧ್ವನಿಯಲ್ಲಿ ಕೇಳಿದರು. ಮುಖ ಇಳಿದಿತ್ತು. ಗೊತ್ತಿಲ್ಲ ಎಂದೆ. ಹಾಗೆ ಸುಳ್ಳು ಹೇಳಿ ರಾತ್ರಿಯೆಲ್ಲ ನನಗೆ ನೆಮ್ಮದಿಯಿರಲಿಲ್ಲ.

ಮರುದಿನ ವಸಂತಕ್ಕನಿಗೆ ಹೇಳಿಬಿಟ್ಟೆ. 'ಪಾಪ, ಕೇಳ್ತಾ ಇದ್ರು. ಅವರಿಗೂ ಒಂದು ಮಾತು ಹೇಳಿಬಿಡಿ ಅಕ್ಕ. ಇನ್ನೂ ಸಿಟ್ಟಾ?'

ಅವರು ಸೊಪ್ಪು ಸೋಸುತ್ತಿದ್ದರು.

'ಸಿಟ್ಟಿಲ್ಲವಾ. ಸಿಟ್ಟಿದ್ರ ಜಗಳಾ ಮಾಡ್ತಿದ್ದೆ, ಮುಗೀತಿತ್ತು. ಮೊದಲ ಏನಾದರೂ ಆದ್ರ ಮನಿಗೆ ಬಂದು ಯಾವಾಗ ಇವರಿಗೆ ಹೇಳೇನು ಅನ್ನಸ್ತಿತ್ತು. ಈಗ ಹೇಳಬೇಕು ಅಂತ ಮನಸ್ಸಿಗೆ ಬರವಲ್ದು.'

ಸೊಪ್ಪಿನ ದಂಟನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತ ಹೋದರು.